ಕಲ್ಲಿಕೋಟೆಯವರು ಕಟ್ಟಡದಿಂದ ಆರಂಭಿಸಲಿಲ್ಲ

ಮಾನ್ಯ ಓದುಗರೇ,

ಗಂಭೀರ ಕಾಯಿಲೆಯವರ ನೋವು, ನರಳಿಕೆಯನ್ನು ತಗ್ಗಿಸುವ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಶಿರಸಿಯಿಂದ ಪತ್ರ ಬರೆದಿದ್ದೀರಿ. ಕೇರಳದಲ್ಲಿ ಊರಿನವರೇ ಈ ಕೆಲಸವನ್ನು ಹೇಗೆ ಕಟ್ಟಿಕೊಂಡರು ಎಂದು ಕೇಳಿದ್ದೀರಿ. ನಿಮ್ಮಲ್ಲಿ ಜಾಗ ಸಿಕ್ಕಿದೆ, ಇಂಥ ರೋಗಿಗಳನ್ನು ಇರಿಸಿಕೊಳ್ಳುವ ಕಟ್ಟಡಕ್ಕೆ ಹಣ ಕೂಡಿಸಬೇಕು ಎಂದೂ ತಿಳಿಸಿದ್ದೀರಿ.

ದಯವಿಟ್ಟು ಹಣ ಕೂಡಿಸುವ ಮೊದಲು ಕಲ್ಲಿಕೋಟೆಯ ಕಥೆ ಕೇಳಿ. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಅರಿವಳಿಕೆ ತಜ್ಞರಾದ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಗೆಳೆಯರು 1993ರಲ್ಲಿ ಪೇನ್ ಆ್ಯಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯನ್ನು ಸ್ಥಾಪಿಸಿದರು. ಆರಂಭದಲ್ಲಿ ಇದ್ದದ್ದು ಕಾಲೇಜಿನೊಳಗಿನ ಒಂದು ಪುಟ್ಟ ಹೊರರೋಗಿ ಚಿಕಿತ್ಸಾಲಯ ಮಾತ್ರ. ನೋವು ತಡೆಯಲಾರದ ಕ್ಯಾನ್ಸರ್ ರೋಗಿಗಳು ಅಲ್ಲಿಗೆ ಬಂದರು. ಆದರೆ ಹಾಸಿಗೆ ಹಿಡಿದವರು ಬರುವುದೆಂತು? ಬಂದವರೂ ಊರಿಗೆ ಮರಳಿದ ಮೇಲೆ ಅವರ ಹುಣ್ಣು ತೊಳೆಯುವವರು ಯಾರು? ದುಡಿಯುವವನೇ ಮಲಗಿದ ಮನೆಯಲ್ಲಿ ಅಕ್ಕಿ ತರುವವರು ಯಾರು? ಮಕ್ಕಳ ಶಾಲೆಯ ಗತಿ ಏನು? ಇವಕ್ಕೆ ವೈದ್ಯರ ಚೀಟಿಯಲ್ಲಿ ಉತ್ತರವಿರಲಿಲ್ಲ. ನನ್ನ ಮಟ್ಟಿಗೆ ಈ ಇತಿಹಾಸದ ತಿರುಳು ಇರುವುದು ಇಲ್ಲಿಯೇ. ರೋಗಿಯ ಕಷ್ಟದಲ್ಲಿ ಔಷಧದಿಂದ ನೀಗುವ ಪಾಲು ಎಷ್ಟು ಸಣ್ಣದೆಂದು ಒಪ್ಪಿಕೊಳ್ಳುವ ದೊಡ್ಡತನ ಆ ವೈದ್ಯರಿಗಿತ್ತು.

2001ರ ಹೊತ್ತಿಗೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರ ಜಾಲವೊಂದು ರೂಪುಗೊಂಡಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರಾದರೂ ಸೇರಬಹುದಿತ್ತು. ಅವರಿಗೆ 16 ಗಂಟೆಗಳ ಪಾಠ, ಬಳಿಕ ನಾಲ್ಕು ದಿನ ರೋಗಿಗಳ ನಡುವೆ ತರಬೇತಿ. ಬೇಸಾಯಗಾರರು, ಶಿಕ್ಷಕರು, ವಿದ್ಯಾರ್ಥಿಗಳು, ಗೃಹಿಣಿಯರು ಬಂದರು. ಯಾವ ಮನೆಯಲ್ಲಿ ಯಾರು ನರಳುತ್ತಿದ್ದಾರೆ ಎಂಬುದು ಇವರಿಗೆ ಗೊತ್ತಿರುತ್ತಿತ್ತು. ದಾದಿ ಮತ್ತು ವೈದ್ಯರು ಇವರ ಬೆನ್ನಿಗೆ ನಿಂತರು. ಖರ್ಚಿನ ಬಹುಪಾಲು ಊರಿನವರ ಚಿಲ್ಲರೆ ಕಾಣಿಕೆಗಳಿಂದಲೇ ಹೊರಟಿತು. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆ ನೀತಿಯನ್ನು ತಂದಿತು, ಮನೆ ಮನೆಗೆ ಹೋಗುವ ಆರೈಕೆ ಪಂಚಾಯಿತಿಗಳ ಕೆಲಸವೂ ಆಯಿತು.

ಕಟ್ಟಡವೇ ಬೇಡವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಕರುಣಾಶ್ರಯ ಅನೇಕ ವರ್ಷಗಳಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಇರಿಸಿಕೊಂಡು ನೋಡಿಕೊಳ್ಳುತ್ತಿದೆ. ಮನೆಯಲ್ಲಿ ಆರೈಕೆ ಸಾಧ್ಯವಿಲ್ಲದವರಿಗೆ ಅಂಥ ಆಸರೆ ಬೇಕೇ ಬೇಕು. ಆದರೆ ನಿಮ್ಮ ಸುತ್ತಲಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರು ಯಾರೆಂದು ಆಶಾ ಕಾರ್ಯಕರ್ತೆಯರಿಗೆ ತಿಳಿದಿರುತ್ತದೆ. ಮೊದಲು ಅವರೊಡನೆ ಕುಳಿತುಕೊಳ್ಳಿ. ನಿವೃತ್ತರಾದ ದಾದಿಯೊಬ್ಬರು ಸಿಕ್ಕರೆ ಕೆಲಸ ಅರ್ಧ ಆದಂತೆ.

ಇನ್ನೊಂದು ವಿಷಯ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಕ್ಯಾನ್ಸರ್ ನೋವಿಗೆ ಬೇಕಾದ, ಅಫೀಮಿನಿಂದ ತಯಾರಾಗುವ ಮಾರ್ಫಿನ್ ಎಂಬ ಔಷಧ ದಶಕಗಳ ಕಾಲ ರೋಗಿಗಳಿಗೆ ಎಟುಕದಂತಾಯಿತು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿದೆ. ಆದರೂ ಮಾರ್ಫಿನ್ ಇರಿಸಿಕೊಳ್ಳಲು ಆಸ್ಪತ್ರೆಗೆ ಮಾನ್ಯತೆ ಇರಲೇಬೇಕು. ನಿಮಗೆ ಹತ್ತಿರದ ಯಾವ ಆಸ್ಪತ್ರೆಗೆ ಅದು ಇದೆ ಎಂದು ಮೊದಲ ರೋಗಿಯ ಮನೆಗೆ ಹೋಗುವ ಮುನ್ನವೇ ವಿಚಾರಿಸಿಕೊಳ್ಳಿ.

— ಸಂಪಾದಕ