ಥೈರಾಯ್ಡ್ ಮಾತ್ರೆ ಶುರುಮಾಡಿ ಮೂರು ವಾರವಾಯಿತು, ಏನೂ ಬದಲಾವಣೆ ಕಾಣುತ್ತಿಲ್ಲ. ಕಂಪನಿ ಬದಲಿಸಲೇ, ಡೋಸ್ ಹೆಚ್ಚಿಸಲು ಕೇಳಲೇ?

ಎರಡೂ ಬೇಡ. ಮೊದಲು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಕೂದಲು ಉದುರುತ್ತಿದೆ ಎಂದು ಬೇರೇನೋ ನುಂಗುತ್ತಿರುವುದಾಗಿ ಬರೆದಿದ್ದೀರಲ್ಲ, ಅದನ್ನೂ ಸೇರಿಸಿ. ಏಕೆಂದು ತಿಳಿಯಲು ನನಗೆ ಹನ್ನೊಂದು ತಿಂಗಳು ಹಿಡಿಯಿತು.

ನಾನು ಚಿಕ್ಕಪೇಟೆಯ ಸೀರೆ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ವಯಸ್ಸು ಐವತ್ತೆರಡು. ಮನೆ ಬಸವನಗುಡಿಯಲ್ಲಿ. ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೊ ಹತ್ತಿದರೆ ಮಾರ್ಕೆಟ್ ದಾಟಿ ಮುಂದಿನದೇ ಚಿಕ್ಕಪೇಟೆ. ಅದು ನೆಲದಡಿಯ ನಿಲ್ದಾಣ. ಎಸ್ಕಲೇಟರಿನ ಮುಂದೆ ನೂಕುನುಗ್ಗಲಿದ್ದರೆ ಮೆಟ್ಟಿಲು ಹತ್ತಿಯೇ ಮೇಲೆ ಬರುವುದು ನನ್ನ ರೂಢಿ. ಎರಡು ವರ್ಷದ ಹಿಂದೆ ಆ ಮೆಟ್ಟಿಲುಗಳ ನಡುವೆ ಕಂಬಿ ಹಿಡಿದು ನಿಲ್ಲತೊಡಗಿದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸ್ವೆಟರ್ ತೊಟ್ಟು ಕುಳಿತವನನ್ನು ಕಂಡು ಅಂಗಡಿಯ ಹುಡುಗರು ನಕ್ಕರು. ಫೋನಿನಲ್ಲಿ ಅಕ್ಕ, "ಶೀತವೇನೋ?" ಎಂದಳು. ಶೀತ ಇರಲಿಲ್ಲ, ದನಿಯೇ ಒಡಕಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ, ಥೈರಾಯ್ಡ್ ಹೇಗಿದೆ ಎಂದು ತಿಳಿಸುವ ಟಿಎಸ್‌ಎಚ್ 18.4. ಸಾಮಾನ್ಯವಾಗಿ ಅದು ನಾಲ್ಕರ ಆಸುಪಾಸಿನೊಳಗೆ ಇರಬೇಕು. "ಅದು ಹೆಂಗಸರ ಕಾಯಿಲೆಯಲ್ಲವೇ?" ಎಂದು ಕೇಳಿದ ನೆಂಟರ ಸಂಖ್ಯೆ ಇಲ್ಲಿ ಬೇಡ. ಹೆಂಗಸರಲ್ಲಿ ಹೆಚ್ಚು ನಿಜ, ಗಂಡಸರನ್ನು ಬಿಟ್ಟಿಲ್ಲ.

ಈ ಟಿಎಸ್‌ಎಚ್ ಎಂಬುದನ್ನು ನಾನು ನನ್ನ ಕಸುಬಿನ ಭಾಷೆಯಲ್ಲಿ ಅರ್ಥ ಮಾಡಿಕೊಂಡಿದ್ದೇನೆ. ಅದು ಬಾಕಿ ವಸೂಲಿಯ ಪತ್ರ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಮಾಲೀಕ. ಕುತ್ತಿಗೆಯಲ್ಲಿರುವ ಥೈರಾಯ್ಡ್‌ನಿಂದ ಹಾರ್ಮೋನು ಸರಿಯಾಗಿ ಬಾರದಿದ್ದರೆ ಮಾಲೀಕ ಪತ್ರದ ಮೇಲೆ ಪತ್ರ ಬರೆಯುತ್ತಾನೆ, ಸಂಖ್ಯೆ ಏರುತ್ತದೆ. ಬರಬೇಕಾದದ್ದಕ್ಕಿಂತ ಹೆಚ್ಚು ಬಂದರೆ ಪತ್ರ ನಿಲ್ಲುತ್ತದೆ, ಸಂಖ್ಯೆ ಸೊನ್ನೆಯ ಹತ್ತಿರ ಬರುತ್ತದೆ. ನನಗೆ ಎರಡೂ ಆಯಿತು.

ವೈದ್ಯರು ಲೆವೋಥೈರಾಕ್ಸಿನ್, ಎಂದರೆ ಆ ಹಾರ್ಮೋನಿನದೇ ಮಾತ್ರೆ, 50 ಮೈಕ್ರೋಗ್ರಾಂ ಬರೆದುಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಒಂದು ದಿನವೂ ತಪ್ಪಿಸಲಿಲ್ಲ. ಆರು ವಾರದ ನಂತರ ನೋಡಿದರೆ 15. ಡೋಸ್ 75ಕ್ಕೆ ಏರಿತು, ಟಿಎಸ್‌ಎಚ್ 12ರ ಮೇಲೆಯೇ ಉಳಿಯಿತು. 100ಕ್ಕೆ ಏರಿಸಿದರೂ ಹತ್ತರ ಹತ್ತಿರ. "ದಿನಾ ತೆಗೆದುಕೊಳ್ಳುತ್ತಿದ್ದೀರಿ ತಾನೇ?" ಎಂದು ವೈದ್ಯರು ಕೇಳಿದಾಗ ನನಗೆ ಅವಮಾನವೇ ಆಯಿತು. "ಬೇರೆ ಮಾತ್ರೆ ಏನಾದರೂ ಉಂಟೇ?" ಎಂದೂ ಕೇಳಿದರು. "ಇಲ್ಲ" ಎಂದೆ. ಅವರು 125 ಬರೆದರು.

ಆ "ಇಲ್ಲ" ಎಂಬ ಎರಡಕ್ಷರವೇ ನನ್ನ ತಪ್ಪು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ.

ಆ ವರ್ಷದ ಆರಂಭದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಿದ್ದೆ. ಮೂಳೆ ವೈದ್ಯರು ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರು. ನನ್ನ ಹೆಂಡತಿ ರಾತ್ರಿ ಮಲಗುವ ಮುಂಚೆ ಹಳೆಯ ಒಗ್ಗರಣೆ ಡಬ್ಬಿಯ ಸಾಸಿವೆ ಬಟ್ಟಲಿನಲ್ಲಿ ಮರುದಿನದ ಎರಡೂ ಮಾತ್ರೆಗಳನ್ನು ತೆಗೆದಿಡುತ್ತಿದ್ದಳು, ನಾನು ಮರೆಯಬಾರದೆಂದು. ಉದ್ದಿನಕಾಳಿನಷ್ಟು ಥೈರಾಯ್ಡ್ ಮಾತ್ರೆ, ಗೋಡಂಬಿಯಷ್ಟು ಕ್ಯಾಲ್ಸಿಯಂ. ಬೆಳಿಗ್ಗೆ ಎದ್ದು ಎರಡನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದೆ. ವೈದ್ಯರು ಕೇಳಿದಾಗ ಕ್ಯಾಲ್ಸಿಯಂ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಅದು ಔಷಧವಲ್ಲ, ಹಾಲು ಕುಡಿದ ಹಾಗೆ, ಶಕ್ತಿಗೆ ಎಂದುಕೊಂಡು ಬಾಯಿ ಬಿಡಲಿಲ್ಲ.

ಹೊಟ್ಟೆಯೊಳಗೆ ಆಗುತ್ತಿದ್ದದ್ದು ಇಷ್ಟು: ಕ್ಯಾಲ್ಸಿಯಂ ಈ ಹಾರ್ಮೋನನ್ನು ಹಿಡಿದುಕೊಳ್ಳುತ್ತದೆ, ಕರುಳು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ಕಬ್ಬಿಣಾಂಶದ ಮಾತ್ರೆಯೂ ಇದನ್ನೇ ಮಾಡುತ್ತದೆ. ಲೆಕ್ಕದವನಾದ್ದರಿಂದ ಆಮೇಲೆ ಕುಳಿತು ಲೆಕ್ಕ ಹಾಕಿದೆ. 500 ಮಿಲಿಗ್ರಾಂ ಕ್ಯಾಲ್ಸಿಯಂ ಎದುರಿಗೆ 50 ಮೈಕ್ರೋಗ್ರಾಂ, ಎಂದರೆ ಹತ್ತು ಸಾವಿರಕ್ಕೆ ಒಂದು. ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿರಬೇಕಿತ್ತು. ನನ್ನದರಲ್ಲಿ ನಾಲ್ಕು ಸೆಕೆಂಡೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ದುಡ್ಡು ದಂಡವಾಯಿತು ಎಂದು ಸುಮ್ಮನಾಗುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಹೆಂಡತಿ, "ಕೈ ಸರಿಹೋಯಿತಲ್ಲ, ಇನ್ನೂ ಯಾಕೆ ಇದು?" ಎಂದು ಕ್ಯಾಲ್ಸಿಯಂ ನಿಲ್ಲಿಸಿದಳು. ಅಡ್ಡ ಹಾಕುತ್ತಿದ್ದದ್ದು ಹೋಯಿತು, 125 ಪೂರ್ತಿಯಾಗಿ ಒಳಗೆ ಇಳಿಯತೊಡಗಿತು. ಸಂಕ್ರಾಂತಿಯ ಹೊತ್ತಿಗೆ ನಾಲ್ಕು ಕೆಜಿ ಇಳಿದಿದ್ದೆ. ಮೂರ್ಖ ನಾನು, ಖುಷಿಪಟ್ಟೆ. ಪಕ್ಕದ ಅಂಗಡಿಯವರು ಏನು ಪಥ್ಯ ಎಂದು ಕೇಳಿದರೆ ರಾಗಿ ಮುದ್ದೆ ಎಂದು ಜಂಬ ಕೊಚ್ಚಿದೆ. ಆಮೇಲೆ ಕೈ ನಡುಗತೊಡಗಿತು. ಲೆಕ್ಕದ ಪುಸ್ತಕದಲ್ಲಿ ನನ್ನ 3 ಮತ್ತು 8 ಒಂದೇ ಥರ ಕಾಣುತ್ತಿದ್ದವು. ಮಾಲೀಕರು ಪಾಪ, ಕನ್ನಡಕ ಬದಲಿಸಿ ಎಂದರು. ರಾತ್ರಿ ಎಡಮಗ್ಗುಲಿಗೆ ಮಲಗಿದರೆ ದಿಂಬಿನೊಳಗೆ ಯಾರೋ ಒನಕೆ ಕುಟ್ಟಿದ ಹಾಗೆ ಎದೆಬಡಿತ. ಒಂದು ರಾತ್ರಿ ಎಣಿಸಿದೆ, ನಿಮಿಷಕ್ಕೆ 112.

ಇಸಿಜಿ ಆಯಿತು. ಟಿಎಸ್‌ಎಚ್ 0.04. ವೈದ್ಯರು ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ನಾಳೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ. ಯಾವುದು ಔಷಧ, ಯಾವುದು ಅಲ್ಲ ಎಂದು ನೀವು ತೀರ್ಮಾನಿಸಬೇಡಿ" ಎಂದರು. ಕೈಗೆ ಸಿಕ್ಕಿದ್ದು ಅಂಗಡಿಯ ಸೀರೆ ಚೀಲ, ಅದರಲ್ಲೇ ತುಂಬಿಕೊಂಡು ಹೋದೆ. ಮೇಜಿನ ಮೇಲೆ ಸುರಿದಾಗ ಎರಡು ಮಾತ್ರೆ ಉಳಿದಿದ್ದ ಕ್ಯಾಲ್ಸಿಯಂ ಸ್ಟ್ರಿಪ್ ಎಲ್ಲಕ್ಕಿಂತ ಮೇಲೆ ಬಿತ್ತು. "ಇದನ್ನು ಎಷ್ಟು ಹೊತ್ತಿಗೆ ನುಂಗುತ್ತಿದ್ದಿರಿ?" ಎಂದರು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾರ್ಮೋನು ಹೀಗೆ ಮಿತಿಮೀರಿದರೆ ಎದೆಬಡಿತದ ಲಯ ತಪ್ಪಬಹುದು, ಮೂಳೆಯೂ ಸವೆಯುತ್ತದೆ ಎಂದಷ್ಟೇ ವಿವರಿಸಿದರು. ಮೂಳೆಗೆಂದು ನುಂಗಿದ ಮಾತ್ರೆ ಸುತ್ತಿ ಬಳಸಿ ನನ್ನನ್ನು ತಂದು ನಿಲ್ಲಿಸಿದ ಜಾಗ ನೋಡಿ! ಡೋಸ್ 75ಕ್ಕೆ ಇಳಿಯಿತು. ಇವತ್ತಿಗೂ ಅಷ್ಟೇ, ಟಿಎಸ್‌ಎಚ್ ಎರಡು ಚಿಲ್ಲರೆಯಲ್ಲಿದೆ.

ಈಗ ನಿಮ್ಮ ವಿಷಯ. ಮೂರು ವಾರಕ್ಕೆ ಏನೂ ಆಗಲಿಲ್ಲ ಎನ್ನುವುದು ದೂರೇ ಅಲ್ಲ. ಈ ಹಾರ್ಮೋನು ಮೈಯಲ್ಲಿ ಅರ್ಧ ಖಾಲಿಯಾಗಲು ಸುಮಾರು ಏಳು ದಿನ ಬೇಕು. ದಿನದಿನವೂ ಸೇರುತ್ತ ಹೋಗಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಪರೀಕ್ಷೆ ಮಾಡಿಸುವುದು. ನಡುವೆ ಎದೆನೋವು, ಬಡಿತದ ತೊಂದರೆ ಬಂದರೆ, ಅಥವಾ ಗರ್ಭ ನಿಂತರೆ ಮಾತ್ರ ಕಾಯದೆ ಕೂಡಲೇ ವೈದ್ಯರ ಬಳಿ ಹೋಗಿ. ಕಂಪನಿ ಬದಲಿಸುವುದೂ ಈಗ ಬೇಡ. ಬದಲಿಸಿದರೆ ಮತ್ತೆ ಆರು ವಾರದ ಲೆಕ್ಕ, ಮತ್ತೆ ರಕ್ತ ಪರೀಕ್ಷೆ. ಕೋಸು ತಿನ್ನಬೇಡಿ, ಕೊತ್ತಂಬರಿ ನೀರು ಕುಡಿಯಿರಿ ಎನ್ನುವವರು ನಿಮಗೂ ಸಿಕ್ಕಿರುತ್ತಾರೆ. ಬೇಯಿಸಿದ ಕೋಸಿನ ಪಲ್ಯ ನಾನು ವಾರಕ್ಕೊಮ್ಮೆ ತಿನ್ನುತ್ತೇನೆ. ತೂಕದ ಆಸೆಯನ್ನೂ ಮಿತವಾಗಿಡಿ. ಈ ಕಾಯಿಲೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆಜಿ, ಅದರಲ್ಲೂ ಹೆಚ್ಚು ಪಾಲು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಉಳಿದದ್ದು ನಮ್ಮ ದರ್ಶಿನಿಗಳ ಕೊಡುಗೆ.

ಕಾಫಿಯೂ ಮಾತ್ರೆಯ ಹೀರಿಕೆಗೆ ಅಡ್ಡಿ. ನಾನು ಐದೂವರೆಗೆ ಮಾತ್ರೆ ನುಂಗಿ ಕೃಷ್ಣರಾವ್ ಪಾರ್ಕಿಗೆ ಹೋಗುತ್ತೇನೆ, ಆರೂವರೆಗೆ ಬಂದು ಕುಡಿಯುತ್ತೇನೆ. ಅಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ.

ಇನ್ನು ನಿಮ್ಮ ಕೂದಲಿನ ಮಾತ್ರೆ. ಸ್ಟ್ರಿಪ್ಪಿನ ಹಿಂದೆ ಬಯೋಟಿನ್ ಎಂದಿದೆಯೇ ನೋಡಿ. ಇದ್ದರೆ ಕೆಲವು ಲ್ಯಾಬ್‌ಗಳ ವಿಧಾನದಲ್ಲಿ ಅದು ವರದಿಯನ್ನೇ ತಪ್ಪು ತೋರಿಸುತ್ತದೆ, ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಎಂದು. ಪರೀಕ್ಷೆಗೆ ಎರಡು ದಿನ ಮುಂಚೆಯಾದರೂ ನಿಲ್ಲಿಸಬೇಕು, ಎಷ್ಟು ಎಂದು ವೈದ್ಯರನ್ನೇ ಕೇಳಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಎಂದೂ ಇದ್ದರೆ ಅದನ್ನು ಮಧ್ಯಾಹ್ನದ ಊಟಕ್ಕೆ ತಳ್ಳಿ. ಹಾಗೆಯೇ ಆ ಚೀಲವನ್ನು ಮರೆಯದೆ ಒಯ್ಯಿರಿ. ನಮ್ಮ ವೈದ್ಯರು ಈಗಲೂ ನನ್ನನ್ನು ಬಾಗಿಲಲ್ಲಿ ಕಂಡರೆ, "ಬನ್ನಿ, ಈ ಸಲ ಎಷ್ಟು ಸೀರೆ ತಂದಿರಿ?" ಎನ್ನುತ್ತಾರೆ.