ಕೋನ್ ಫಿಲ್ಟರ್ ಹಾಕಿಸಲೇ? ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಪ್ರಶ್ನೆ: ಸಾರ್, ನನ್ನದು 2017ರ 1.2 ಲೀಟರ್ ಪೆಟ್ರೋಲ್ ಕಾರು. ದಿನಾ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗಿಬರುತ್ತೇನೆ. ಕಂಪನಿಯ ಏರ್ ಫಿಲ್ಟರ್ ಡಬ್ಬಿ ಕಿತ್ತು, ಡಬ್ಬಿಯಿಲ್ಲದೆ ತೆರೆದೇ ಕೂರುವ ಶಂಕುವಿನಾಕಾರದ ಕೋನ್ ಫಿಲ್ಟರ್ ಹಾಕಿಸಿದರೆ ಪಿಕಪ್, ಮೈಲೇಜ್ ಎರಡೂ ಏರುತ್ತವೆ ಅಂತ ಗೆಳೆಯ ಹೇಳುತ್ತಾನೆ. ಅಂಗಡಿಯಲ್ಲಿ ಹೆಸರಿಲ್ಲದ ಕೋನಿಗೆ 1,800 ರೂಪಾಯಿ, ಡಬ್ಬಿಯೊಳಗೇ ಕೂರುವ, ತೊಳೆದು ಬಳಸುವ ಫಿಲ್ಟರಿಗೆ 5,000 ಹೇಳಿದರು. ಯಾವುದು ತಗೊಳ್ಳಲಿ?
– ಓದುಗ, ಹೊಳಲ್ಕೆರೆ

ಉತ್ತರ: ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ ತಮ್ಮಾ. ಇಂಜಿನ್‌ಗೆ ಗಾಳಿ ಸಾಲುತ್ತಿಲ್ಲ ಅಂತ ನಿಮಗೆ ಹೇಳಿದವರಾರು? ಗೆಳೆಯ. ಇಂಜಿನ್ನನ್ನೇ ಕೇಳಬಹುದಲ್ಲ.

ನಾನು ಕೇಳಿದ್ದು ಹೀಗೆ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪ್ ಇರುತ್ತಲ್ಲ, ಅದನ್ನ ತಂದು, ಒಂದು ತುದಿಯನ್ನ ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಹೋಸಿಗೆ ಕೂಡಿಸಿದೆ. ಇನ್ನೊಂದು ತುದಿ ಬಯಲಿಗೆ ಬಿಟ್ಟು, ಕಾರಿನೊಳಗೆ ‘ಯು’ ಆಕಾರದಲ್ಲಿ ಇಳಿಬಿಟ್ಟು ನೀರು ತುಂಬಿದೆ. ದಾವಣಗೆರೆ ಹೊರಗೆ ಹೈವೇಯಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಗ್ಯಾರೇಜಿನ ಹುಡುಗ ಪಕ್ಕದಲ್ಲಿ ಸ್ಕೇಲ್ ಹಿಡಿದು ಕೂತಿದ್ದ. ಫಿಲ್ಟರ್ ಹೊಸದಿದ್ದಾಗ ಎರಡೂ ಕಡೆಯ ನೀರಿನ ಮಟ್ಟಕ್ಕೆ 15 ಸೆಂ.ಮೀ. ವ್ಯತ್ಯಾಸ. ಒಂದು ಸುಗ್ಗಿ ಕಂಡ ಹಳೇ ಫಿಲ್ಟರ್ ಹಾಕಿದಾಗ 25.

ಈ 15 ಅಂದ್ರೆ ಎಷ್ಟು? ತೋಟದ ಪಂಪು ಹತ್ತು ಮೀಟರಿಗಿಂತ ಆಳದ ನೀರನ್ನ ಮೇಲಿಂದ ಹೀರಲಾರದು, ರೈತರಿಗೆಲ್ಲ ಗೊತ್ತು. ವಾತಾವರಣದ ಒತ್ತಡ ಅಂದರೆ ಅಷ್ಟು ಎತ್ತರದ ನೀರಿನ ಭಾರ. ಹತ್ತು ಮೀಟರಿನಲ್ಲಿ 15 ಸೆಂ.ಮೀ. ಅಂದ್ರೆ ನೂರಕ್ಕೆ ಒಂದೂವರೆ. ಅಡ್ಡಿಯೇ ಇಲ್ಲದ ಫಿಲ್ಟರ್ ಹಾಕಿದರೂ, ಅದೂ ಪೂರ್ತಿ ಒತ್ತಿದಾಗ, ನಿಮಗೆ ಸಿಗುವುದು ಆ ಒಂದೂವರೆ ಪಾಲು ಮಾತ್ರ.

ಈಗ ಕೋನ್ ವಿಚಾರ. ಕಂಪನಿ ಡಬ್ಬಿಗೆ ಒಂದು ಮೂತಿ ಇದೆ ನೋಡ್ರಿ, ಅದು ಗ್ರಿಲ್ ಹತ್ತಿರದ ತಣ್ಣನೆ ಗಾಳಿ ಎಳೆಯುತ್ತೆ. ಕೋನ್ ಬಾನೆಟ್ ಒಳಗೆ ಬೆತ್ತಲೆ ಕೂತು, ಇಂಜಿನ್ ಮೈ ಸೋಕಿದ ಬಿಸಿಗಾಳಿಯನ್ನೇ ಕುಡಿಯುತ್ತೆ. ಗಾಳಿ 35 ಡಿಗ್ರಿಯಿಂದ 65ಕ್ಕೆ ಕಾದರೆ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಇಳಿಯುತ್ತೆ. ವೇಗ ಹಿಡಿದಾಗ ಬಾನೆಟ್ ಒಳಗೂ ಸ್ವಲ್ಪ ತಣಿಯುತ್ತೆ, ಒಪ್ಪಿದೆ. ಆದರೆ ಸಿಗ್ನಲ್ಲಿಂದ ಎದ್ದು ಹೊರಡುವಾಗಲೇ ತಾನೆ ನಿಮಗೆ ಪಿಕಪ್ ಬೇಕಿರೋದು? ಕೋನ್ ಹಾಕಿದ ಮೇಲೆ ‘ಗೊರ್’ ಅಂತ ಸದ್ದು ಜೋರಾಗುತ್ತೆ, ಗೆಳೆಯನಿಗೆ ಅದೇ ಪಿಕಪ್ ಅನ್ನಿಸಿದೆ.

ಮೈಲೇಜ್ ಆಸೆ ಬಿಡಿ. ಬಂದ ಗಾಳಿಯನ್ನ ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುವ ಕಾರು ನಿಮ್ಮದು. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಇಂಥ ಕಾರುಗಳಲ್ಲಿ ಬೇಕಂತಲೇ ಫಿಲ್ಟರ್ ಕಟ್ಟಿಕೊಂಡು ಗಾಳಿಗೆ ಅಡ್ಡಿಯಾಗುವಂತೆ ಮಾಡಿ ನೋಡಿದರು. ಮೈಲೇಜ್ ಹೇಳಿಕೊಳ್ಳುವಷ್ಟು ಕದಲಲಿಲ್ಲ, ಕುಗ್ಗಿದ್ದು ಪಿಕಪ್.

ನನ್ನ ನಿಜವಾದ ಚಿಂತೆ ಧೂಳು. ನಿಮ್ಮ ಇಂಜಿನ್ 3,000 ಆರ್‌ಪಿಎಂನಲ್ಲಿ ಪೂರ್ತಿ ಉಸಿರು ಎಳೆದರೆ ನಿಮಿಷಕ್ಕೆ 1,800 ಲೀಟರ್ ಗಾಳಿ. ನಮ್ಮ ಕಡೆ ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ, ನಿಮ್ಮ ಕಡೆ ಭೀಮಸಮುದ್ರದ ಅದಿರು ಲಾರಿ ಹಿಂದೆ ಸಿಕ್ಕಿಕೊಂಡಾಗ, ಅದರಲ್ಲಿ ಏನೇನಿರುತ್ತೆ ಲೆಕ್ಕ ಹಾಕಿ. ವಯಸ್ಸಿನ ಹುರುಪಿನಲ್ಲಿ ನಾನೂ ಒಂದು ಅಗ್ಗದ ಕೋನ್ ಹಾಕಿದ್ದೆ. ಮೂರು ತಿಂಗಳಾದ ಮೇಲೆ ಹೋಸ್ ಬಿಚ್ಚಿ, ಬಿಳೀ ಬನಿಯನ್ ವೇಸ್ಟಿನಿಂದ ಒಳಗೆ ಒರೆಸಿದೆ. ಕುಂಕುಮ ಮೆತ್ತಿದ ಹಾಗೆ ಬಂತು. ಅದೆಲ್ಲ ಫಿಲ್ಟರ್ ದಾಟಿ ಒಳಗೆ ಹೋದದ್ದು. ಆ ಧೂಳು ಆಯಿಲ್ ಜೊತೆ ಕಲೆತರೆ ವಾಲ್ವ್ ಕೂರಿಸಲು ನಾವು ಬಳಸುವ, ಲೋಹವನ್ನ ಉಜ್ಜಿ ಸವೆಸುವ ಗ್ರೈಂಡಿಂಗ್ ಪೇಸ್ಟೇ. ಪಿಸ್ಟನ್ ರಿಂಗ್ ಸವೆದ ಕಾರಿಗೆ ಯಾವ ಫಿಲ್ಟರ್ ಹಾಕಿ ಏನು?

ತೊಳೆಯುವ ಫಿಲ್ಟರ್ ಬೇಕೇಬೇಕು ಅಂದರೆ ಡಬ್ಬಿಯೊಳಗೆ ಕೂರುವುದನ್ನೇ ತಗೊಳ್ಳಿ. ಏರ್ ಫಿಲ್ಟರುಗಳಿಗೆಂದೇ ಇರುವ ಐಎಸ್‌ಒ 5011 ಪರೀಕ್ಷೆ ಆಗಿದೆಯೇ, ಎಷ್ಟು ಧೂಳು ತಡೆದಿದೆ ಅಂತ ಕೇಳಿ. ಅಂಗಡಿಯವ ಮುಖ ನೋಡಿದರೆ ವಾಪಸ್ ಬನ್ನಿ. ತೊಳೆದ ಮೇಲೆ ನೆರಳಲ್ಲಿ ಒಣಗಿಸಿ ಎಣ್ಣೆ ಹಾಕಬೇಕು, ಆದರೆ ತೊಟ್ಟಿಕ್ಕುವಷ್ಟು ಬೇಡ. ಗಾಳಿ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಆ ಎಣ್ಣೆ ಹೋಗಿ ಸೂಕ್ಷ್ಮ ತಂತಿಗೆ ಮೆತ್ತಿ, ಚೆಕ್ ಇಂಜಿನ್ ಲೈಟ್ ಹತ್ತಿಸಿದ್ದನ್ನ ನೋಡಿದ್ದೇನೆ. ನನ್ನ ಕಾರಿಗೆ ನಾನು ಹಾಕುವುದು ಕಂಪನಿಯ ಕಾಗದದ ಫಿಲ್ಟರ್ರೇ, ಬುಕ್ಕಿನಲ್ಲಿ ಹೇಳಿದ್ದಕ್ಕಿಂತ ಅರ್ಧ ಅವಧಿಗೇ ಬದಲಿಸಿ.

ಪ್ರಶ್ನೆ: ಫಿಲ್ಟರನ್ನ ಬಂಪರ್ ಹಿಂದೆ ಕೆಳಗೆ ಇಳಿಸುವ ಉದ್ದ ಪೈಪಿನ ಕಿಟ್ ಸಿಗುತ್ತಂತೆ. ಅದಾದರೆ ತಣ್ಣನೆ ಗಾಳಿ ಬರುತ್ತಲ್ಲವೇ?
– ಓದುಗ, ದಾವಣಗೆರೆ

ಉತ್ತರ: ಬರುತ್ತೆ, ನೀರೂ ಬರುತ್ತೆ. ಜೋರು ಮಳೆ ಬಂದಾಗ ನಮ್ಮೂರ ರೈಲ್ವೆ ಕೆಳಸೇತುವೆ ಹೇಗಿರುತ್ತೆ, ನಾನು ಹೇಳಬೇಕೆ? ಗಾಳಿಯನ್ನ ಪಿಸ್ಟನ್ ಅಮುಕಬಹುದು, ನೀರನ್ನ ಆಗಲ್ಲ; ಕನೆಕ್ಟಿಂಗ್ ರಾಡ್ ಬಾಗುತ್ತೆ. ನೀರಿನಲ್ಲಿ ಕಾರು ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ತಳ್ಳಿಸಿಕೊಂಡು ಬನ್ನಿ.

ಪ್ರಶ್ನೆ: ಕಾಗದದ ಫಿಲ್ಟರಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬಹುದೇ?
– ಓದುಗ, ಹಿರಿಯೂರು

ಉತ್ತರ: ಮೆಲ್ಲಗೆ, ದೂರದಿಂದ, ಸ್ವಚ್ಛ ಇರುವ ಮಗ್ಗುಲಿಂದ ಕೊಳೆ ಇರುವ ಮಗ್ಗುಲಿಗೆ. ಆಮೇಲೆ ಹಿಂದೆ ಬಲ್ಬ್ ಹಿಡಿದು ನೋಡಿ. ಬೆಳಕು ಮಂದವಾಗಿ ಒಂದೇ ಸಮ ಕಂಡರೆ ವಾಪಸ್ ಹಾಕಿ, ಸೂಜಿಮೊನೆಯಷ್ಟು ಹೊಳೆದರೂ ಬಿಸಾಕಿ.