‘ಮ್ಯಾಜಿಕ್’ ಎಂಬ ಪದಕ್ಕೂ ಪ್ರಾಚೀನ ಇರಾನಿನ ಪುರೋಹಿತರಿಗೂ ಸಂಬಂಧ ಇದೆಯಾ?

ಇದೆ, ನೇರ ಸಂಬಂಧವೇ ಇದೆ. ಹಳೆಯ ಪರ್ಷಿಯನ್ ಭಾಷೆಯಲ್ಲಿ ಈ ಪುರೋಹಿತನಿಗೆ ‘ಮಗುಶ್’ ಎನ್ನುತ್ತಿದ್ದರು. (ನಮ್ಮ ‘ಮಗು’ವಿಗೂ ಇದಕ್ಕೂ ಸಂಬಂಧವಿಲ್ಲ, ಸುಮ್ನೆ ಗೊಂದಲ ಬೇಡ!) ಗ್ರೀಕರ ಬಾಯಲ್ಲಿ ಅದು ‘ಮಾಗೋಸ್’ ಆಯಿತು. ಬೆಂಕಿಯ ಮುಂದೆ ಅರ್ಥವಾಗದ ಮಂತ್ರ ಹೇಳುವ ಪರದೇಶಿಗಳು ಅವರಿಗೆ ಮಾಟಗಾರರಂತೆ ಕಂಡಿರಬೇಕು. ‘ಮಾಗೇಯಾ’ ಅಂದರೆ ಮಾಟ ಎಂದಾಯಿತು. ಅದೇ ಲ್ಯಾಟಿನ್ ದಾಟಿ ‘ಮ್ಯಾಜಿಕ್’ ಆಗಿದೆ.

ಬೈಬಲ್‌ನಲ್ಲಿ ನಕ್ಷತ್ರ ನೋಡಿಕೊಂಡು ಶಿಶು ಯೇಸುವನ್ನು ಹುಡುಕಿ ಬಂದ ಪೂರ್ವದ ಜ್ಞಾನಿಗಳಿಗೂ ಮೂಲ ಗ್ರೀಕ್‌ನಲ್ಲಿ ಇದೇ ಹೆಸರು. ಅವರು ಮೂವರು ಅಂತ ಅಲ್ಲಿ ಎಲ್ಲೂ ಹೇಳಿಲ್ಲ. ಕಾಣಿಕೆ ಮೂರು, ಅಷ್ಟೇ.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಈ ಇರಾನಿ ಪುರೋಹಿತರ ನೆನಪಿನ ಶಕ್ತಿ. ಅವರ ಧರ್ಮಗ್ರಂಥ ಅವೆಸ್ತಾ (ಇಂದಿನ ಪಾರ್ಸಿಗಳದ್ದೂ ಇದೇ) ಬರಹಕ್ಕೆ ಇಳಿದದ್ದು ಇರಾನನ್ನು ಆಳಿದ ಸಸಾನಿಯನ್ ರಾಜವಂಶದ ಕಾಲದಲ್ಲಿ. ಅಲ್ಲಿಯವರೆಗೆ ನೂರಾರು ವರ್ಷ ಪುರೋಹಿತರೇ ಅದನ್ನು ಬಾಯಿಪಾಠದಲ್ಲಿ ಉಳಿಸಿದರು. ನಮ್ಮ ವೇದಗಳ ಹಾಗೇ ಅಲ್ವಾ? ಪದಗಳೂ ನೆಂಟರೇ: ಅವರ ‘ಜಓತರ್’ ನಮ್ಮ ‘ಹೋತೃ’ (ಯಜ್ಞದಲ್ಲಿ ಮಂತ್ರ ಹೇಳುವ ಪುರೋಹಿತ), ಅವರ ‘ಹಓಮ’ ನಮ್ಮ ‘ಸೋಮ’.

ಪಾರ್ಸಿಗಳು ಇಂದಿಗೂ ಪುರೋಹಿತರನ್ನು ‘ಮೊಬೆದ್’ ಎನ್ನುತ್ತಾರೆ. ಅದೂ ‘ಮಗುಪತಿ’ ಸವೆದು ಆದ ಪದ.